ರೂಟರ್ ಪೆಟ್ಟಿಗೆಗೆ ಗಾಳಿ ಬರುವ ದಾರಿ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿರುವ ನನ್ನ ಮರಗೆಲಸದ ಶೆಡ್ಡಿಗೆ ಈಚಿನ ಕೆಲವು ವರ್ಷಗಳಿಂದ, ಬಾಗಿಲು ದಾರಂದ ಮಾಡಿಸಿಕೊಳ್ಳುವವರಲ್ಲದೆ ಇನ್ನೊಂದು ಬಗೆಯವರೂ ಬರುತ್ತಿದ್ದಾರೆ. ನಿವೃತ್ತರಾದ ಮಾಷ್ಟ್ರುಗಳು, ಬ್ಯಾಂಕಿನ ಕೆಲಸ ಮುಗಿಸಿದವರು, ಗಲ್ಫಿನಿಂದ ಮರಳಿ ಬಂದು ಮನೆಯ ಹಿಂದಿನ ಕೊಟ್ಟಿಗೆಯನ್ನು ಮರಗೆಲಸಕ್ಕೆಂದು ತೆರವು ಮಾಡಿಕೊಂಡವರು. ಇವರು ಮರ ಕೇಳಲು ಬರುವುದಿಲ್ಲ, ಸಲಹೆ ಕೇಳಲು ಬರುತ್ತಾರೆ, ಮತ್ತು ಹೆಚ್ಚಿನವರು ಕೇಳುವುದು ರೂಟರ್ ಮೇಜಿನ ಬಗ್ಗೆಯೇ. ರೂಟರ್ ಎಂದರೆ ಇಂಟರ್ನೆಟ್ಟಿನ ಡಬ್ಬಿ ಎಂದುಕೊಳ್ಳುವ ಮನೆಯ ಮಕ್ಕಳಿಗಾಗಿ ಹೇಳುವುದಾದರೆ, ಇದು ಮರದ ಅಂಚನ್ನು ಉರುಟು ಮಾಡುವ, ತೋಡು ತೆಗೆಯುವ, ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಮೇಲೆ ಸುತ್ತಬಲ್ಲ ಯಂತ್ರ. ಅದನ್ನು ತಲೆಕೆಳಗಾಗಿ ಮೇಜಿನ ಅಡಿಗೆ ತೂಗುಹಾಕಿ, ಸುತ್ತಲೂ ಕಪಾಟು ಕಟ್ಟಿದರೆ ರೂಟರ್ ಮೇಜಾಗುತ್ತದೆ.

ಕಪಾಟಿನ ಉಳಿದ ವಿಚಾರಗಳಲ್ಲಿ ಇವರಿಗೆ ನಾನು ಕಲಿಸಬೇಕಾದದ್ದು ಹೆಚ್ಚೇನೂ ಇಲ್ಲ. ಎತ್ತರ ಮೂವತ್ತನಾಲ್ಕರಿಂದ ಮೂವತ್ತಾರು ಇಂಚು, ಮೇಲ್ಹಲಗೆಗೆ 18 ಮಿ.ಮೀ. ಪ್ಲೈವುಡ್ ಎರಡು ಪದರ, ಲ್ಯಾಮಿನೇಟ್ ಅಂಟಿಸುವುದಾದರೆ ಮೇಲೆ ಕೆಳಗೆ ಎರಡೂ ಬದಿಗೆ; ಒಂದೇ ಬದಿಗೆ ಅಂಟಿಸಿದರೆ ನಮ್ಮ ಮಳೆಗಾಲ ಅದನ್ನು ಮೊದಲ ವರ್ಷವೇ ಬಾಗಿಸುತ್ತದೆ. ಫೆನ್ಸ್, ಅಂದರೆ ಮರವನ್ನು ಒತ್ತಿಹಿಡಿದು ಸರಿಸುವ ಆನಿಕೆಯ ಪಟ್ಟಿ, ಮೇಜಿನ ಅಂಚಿಗೆ ಸಮಾನಾಂತರವಾಗಿರಬೇಕೆಂದು ಅಳೆಯುತ್ತಾ ಕೂರುವವರಿಗೆ ಒಂದು ಮಾತು: ರೂಟರಿನ ತುದಿಯಲ್ಲಿ ಸುತ್ತಿ ಮರ ಕೆತ್ತುವ ಅಲಗು, ಅಂದರೆ ಬಿಟ್, ದುಂಡಗಿನದು, ಅದಕ್ಕೆ ಎದುರು ಬದುರು ಎಂಬುದಿಲ್ಲ, ಫೆನ್ಸ್ ತುಸು ಓರೆಯಾಗಿದ್ದರೂ ಕೆಲಸ ಕೆಡುವುದಿಲ್ಲ. 12 ಮಿ.ಮೀ. ದಂಟಿನ ಬಿಟ್ಟನ್ನು ಅರ್ಧ ಇಂಚಿನ ಕೊಲೆಟ್ಟಿಗೆ (ಬಿಟ್ಟಿನ ದಂಟನ್ನು ಕಚ್ಚಿ ಹಿಡಿಯುವ ಬಾಯಿಗೆ) ಹಾಕಿ ಬಿಗಿ ಮಾಡುವವರಿಗೆ ಮಾತ್ರ ನಾನು ಗದರಿಸಿಯೇ ಹೇಳುತ್ತೇನೆ. ಅರ್ಧ ಇಂಚು ಎಂದರೆ 12.7 ಮಿ.ಮೀ., ಆ ವ್ಯತ್ಯಾಸಕ್ಕೆ ಬಿಟ್ ಜಾರಿ ಹಾರಬಹುದು.

ನನ್ನ ತಾಳ್ಮೆ ಪರೀಕ್ಷಿಸುವುದು ಬೇರೆಯೇ ಒಂದು ತಪ್ಪು. ಅದನ್ನು ಮಾಡುವವರು ಸೋಮಾರಿಗಳಲ್ಲ, ಎಲ್ಲರಿಗಿಂತ ಅಚ್ಚುಕಟ್ಟಾಗಿ ಕೆಲಸ ಮಾಡುವವರು. ರೂಟರ್ ಕೂರುವ ಕೋಣೆಯನ್ನು ಅವರು ಗಾಳಿಯಾಡದಂತೆ ಮುಚ್ಚುತ್ತಾರೆ.

ನೀರ್ಚಾಲಿನ ಕಡೆಯ ಒಬ್ಬ ಮಾಷ್ಟ್ರು ಕಳೆದ ಮಳೆಗಾಲಕ್ಕೆ ಮುಂಚೆ ಫೋನ್ ಮಾಡಿ, ರೂಟರ್ ಸುಟ್ಟ ವಾಸನೆ ಬರುತ್ತಿದೆ, ಒಮ್ಮೆ ಬಂದು ನೋಡಬೇಕು ಎಂದರು. ಹೋಗಿ ನೋಡಿದರೆ ಹಲಸಿನ ಮರದ ಚೌಕಟ್ಟು, ಉಗುರು ತೂರದಷ್ಟು ಬಿಗಿಯಾದ ಕೀಲುಗಳು, ಎಡಬಲಕ್ಕೆ ಮೂರು ಮೂರು ಡ್ರಾಯರ್. ನನ್ನ ಶೆಡ್ಡಿನ ಹುಡುಗರಿಗೆ ತೋರಿಸಬೇಕು ಅನ್ನಿಸುವಂಥ ಕೆಲಸ. ನಡುವಿನ ಕೋಣೆಯ ಬಾಗಿಲಿಗೆ ಸುತ್ತಲೂ ಫ್ರಿಜ್ಜಿನ ಬಾಗಿಲಿಗಿರುವಂತೆ ರಬ್ಬರ್ ಪಟ್ಟಿ ಅಂಟಿಸಿದ್ದರು. ಹಿಂಬದಿಗೆ ನಾಲ್ಕಿಂಚಿನ ಕೊಳವೆ, ಅದರ ತುದಿಗೆ ಧೂಳೆಳೆಯುವ ಯಂತ್ರ. ಬಾಗಿಲು ತೆರೆದಾಗ ಮರದ ನಾರು ಒತ್ತಿ ಮಾಡಿದ ಹಲಗೆಯಾದ ಎಂಡಿಎಫ್‌ನ ಹುಡಿ ಮೈದಾಹಿಟ್ಟಿನ ಹಾಗೆ ಜಾರಿ ನನ್ನ ಪಾದದ ಮೇಲೆ ಬಿತ್ತು. ಮೋಟಾರಿನ ಕೆಳತುದಿ ಆ ಹುಡಿಯಲ್ಲಿ ನಾಲ್ಕು ಬೆರಳು ಹೂತುಹೋಗಿತ್ತು. ಗಾಳಿ ಸೇದುವ ಸೀಳುಗಳು ಕಾಣುತ್ತಲೇ ಇರಲಿಲ್ಲ. ಅಷ್ಟು ದೊಡ್ಡ ಯಂತ್ರ ಎಳೆಯುತ್ತಿದ್ದರೂ ಧೂಳು ಅಲ್ಲೇ ಏಕೆ ಉಳಿಯಿತು ಎಂಬುದು ಅವರ ಪ್ರಶ್ನೆ, ಯಂತ್ರ ಮಾರಿದವರು ಮೋಸ ಮಾಡಿದರು ಎಂಬುದು ಅವರ ಅನುಮಾನ.

ಅಷ್ಟರಲ್ಲಿ ಮಾಷ್ಟ್ರ ಮನೆಯವರು ಬೊಂಡ (ಎಳನೀರು) ಕೆತ್ತಿ, ಕೊಳವೆ ಹಾಕಿ ತಂದುಕೊಟ್ಟರು. ತೂತು ಸಣ್ಣದಾಗಿ, ಕೊಳವೆ ಅದರಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿತ್ತು. ಎರಡು ಗುಟುಕು ಬಂದಮೇಲೆ ಎಷ್ಟು ಎಳೆದರೂ ಕೆನ್ನೆ ಒಳಗೆ ಹೋಯಿತೇ ಹೊರತು ನೀರು ಮೇಲೆ ಬರಲಿಲ್ಲ. ಕೊಳವೆಯನ್ನು ಸ್ವಲ್ಪ ಅಲುಗಿಸಿ ಸಂದು ಮಾಡಿದೊಡನೆ ಸರಾಗವಾಗಿ ಬಂತು. ನಾನು ಅದನ್ನೇ ಮಾಷ್ಟ್ರಿಗೆ ತೋರಿಸಿದೆ. ಒಳಗಿನದು ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಇನ್ನೊಂದು ದಾರಿಯಿಂದ ಒಳಗೆ ಬರಬೇಕು. ಧೂಳನ್ನು ಒಯ್ಯುವುದು ಯಂತ್ರದ ಬಲವಲ್ಲ, ಹರಿಯುವ ಗಾಳಿ. ಗಾಳಿಗೆ ಬರುವ ದಾರಿ ಇಲ್ಲದಿದ್ದರೆ ಹರಿವೂ ಇಲ್ಲ, ಯಂತ್ರ ಸುಮ್ಮನೆ ಊಳಿಡುತ್ತದೆ.

“ಆಚಾರ್ರೇ, ತೂತು ಇಟ್ಟರೆ ಧೂಳು ಅದರಿಂದಲೇ ಹೊರಗೆ ಬಾರದಾ?” ಎಂದು ಮಾಷ್ಟ್ರು ಕೇಳಿದರು. ಎಲ್ಲರೂ ಕೇಳುವುದು ಇದನ್ನೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಳೆಯುವ ಯಂತ್ರ ಓಡುತ್ತಿರುವಷ್ಟು ಹೊತ್ತು ಕೋಣೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುತ್ತದೆ, ಹಾಗಾಗಿ ಪ್ರತಿ ತೂತಿನಲ್ಲೂ ಗಾಳಿ ಒಳಮುಖವಾಗಿಯೇ ನುಗ್ಗುತ್ತದೆ. ಯಂತ್ರ ನಿಂತಿದ್ದು ರೂಟರ್ ಮಾತ್ರ ಓಡಿದರೆ ಧೂಳು ಹೊರಗೆ ಬರುವುದು ನಿಜ. ಅದಕ್ಕೇ ಮೊದಲು ಧೂಳಿನ ಯಂತ್ರ ಹಾಕಿ ಆಮೇಲೆ ರೂಟರ್ ಹಾಕಬೇಕು, ನಿಲ್ಲಿಸುವಾಗ ರೂಟರ್ ಮೊದಲು ನಿಲ್ಲಿಸಿ ಯಂತ್ರವನ್ನು ಇನ್ನೂ ಅರ್ಧ ನಿಮಿಷ ಓಡಲು ಬಿಡಬೇಕು.

ಎಷ್ಟು ದೊಡ್ಡ ದಾರಿ ಬೇಕೆಂಬುದಕ್ಕೆ ಶಾಲೆಯ ಲೆಕ್ಕ ಸಾಕು. ನಾಲ್ಕಿಂಚಿನ ಕೊಳವೆಯ ಬಾಯಿ ಹನ್ನೆರಡೂವರೆ ಚದರ ಇಂಚು. ಮೇಜಿನ ಮೇಲೆ ಬಿಟ್ ಹೊರಬರುವ ಎರಡಿಂಚಿನ ಬಳೆಯಲ್ಲಿ ಅರ್ಧ ಇಂಚಿನ ಬಿಟ್ ಇದ್ದರೆ ಉಳಿಯುವ ಸಂದು ಮೂರು ಚದರ ಇಂಚಿಗೂ ಕಡಿಮೆ, ಮತ್ತು ಕೆಲಸ ಮಾಡುವಾಗ ಅದರ ಮೇಲೆ ಮರವೇ ಬಂದು ಕೂರುತ್ತದೆ. ಉಳಿದ ಒಂಬತ್ತು ಹತ್ತು ಚದರ ಇಂಚನ್ನು ನಾವೇ ಕೊಡಬೇಕು. ಒಂದಿಂಚಿನ ಬಿಟ್ಟಿನಿಂದ ಬಾಗಿಲಿನಲ್ಲಿ ಹನ್ನೆರಡು ತೂತು ಕೊರೆದರೆ ಸುಮಾರಾಗಿ ಅಷ್ಟಾಗುತ್ತದೆ. ಹಾಗೆಂದು ಬಾಗಿಲನ್ನೇ ತೆಗೆದಿಟ್ಟು ಕೆಲಸ ಮಾಡುವುದೂ ತಪ್ಪೇ. ಅಷ್ಟಗಲದ ಬಾಯಿಯಿಂದ ಗಾಳಿ ಮೆಲ್ಲಗೆ ಬರುತ್ತದೆ, ಮೆಲ್ಲಗೆ ಬರುವ ಗಾಳಿ ಹುಡಿಯನ್ನು ಎತ್ತುವುದಿಲ್ಲ. ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರಿನ ಸಪೂರ ಕೊಳವೆ ಮಾತ್ರ ಇರುವವರಿಗೆ ಎರಡು ಮೂರು ತೂತು ಸಾಕು, ಆದರೆ ಅವರು ರೂಟರಿನ ಕೋಣೆಯನ್ನು ಆದಷ್ಟು ಕಿರಿದಾಗಿ ಮಾಡಿ ಉಳಿದ ಜಾಗವನ್ನು ಡ್ರಾಯರಿಗೆ ಕೊಡಬೇಕು.

ತೂತು ಎಲ್ಲಿ ಎಂಬುದು ಎಷ್ಟು ಎಂಬುದಕ್ಕಿಂತ ಮುಖ್ಯ. ಹೆಚ್ಚಿನ ರೂಟರುಗಳಲ್ಲಿ ಮೋಟಾರಿನ ಒಳಗಿನ ಫ್ಯಾನ್ ಹಿಂತುದಿಯಿಂದ ಗಾಳಿ ಸೇದಿ, ಸುರುಳಿಗಳನ್ನು ತಂಪು ಮಾಡಿ, ಬಿಟ್ಟಿನ ಕಡೆಗೆ ಊದುತ್ತದೆ. ಕೈಯಲ್ಲಿ ಹಿಡಿದಾಗ ಆ ಹಿಂತುದಿ ಮೇಲೆ, ಶುಭ್ರ ಗಾಳಿಯಲ್ಲಿ ಇರುತ್ತದೆ. ಮೇಜಿನಡಿ ತಲೆಕೆಳಗಾದಾಗ ಅದೇ ತುದಿ ತಳಕ್ಕೆ, ಹುಡಿ ಬಂದು ಬೀಳುವ ಜಾಗಕ್ಕೆ ಇಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಸೇದುತ್ತದೆ, ಜೊತೆಗೆ ಹುಡಿಯನ್ನೂ ಒಳಗೆಳೆದು, ಮೋಟಾರಿನ ಸುತ್ತುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ಷುಗಳ ಸುತ್ತ ತುಂಬಿಕೊಳ್ಳುತ್ತದೆ. ಆದ್ದರಿಂದ ಬಾಗಿಲಿನ ತೂತುಗಳು ಮೋಟಾರಿನ ಆ ತುದಿಯ ಮಟ್ಟಕ್ಕೆ ಇರಲಿ, ಎಳೆಯುವ ಕೊಳವೆ ಎದುರು ಬದಿಯಲ್ಲಿ ತಳಕ್ಕೆ ತಾಗಿ ಇರಲಿ, ತಳದ ಹಲಗೆ ಕೊಳವೆಯ ಕಡೆಗೆ ಇಳಿಜಾರಾಗಿರಲಿ. ಎರಡೂ ಒಂದೇ ಬದಿಯಲ್ಲಿದ್ದರೆ ಗಾಳಿ ಹತ್ತಿರದ ದಾರಿ ಹಿಡಿದು ಹೊರಟುಹೋಗುತ್ತದೆ, ದೂರದ ಮೂಲೆಯಲ್ಲಿ ಹುಡಿ ಹಾಗೆಯೇ ಉಳಿಯುತ್ತದೆ. ನಿಮ್ಮ ರೂಟರಿನ ಮಾದರಿ ಬೇರೆ ಇರಬಹುದು. ಕೊರೆಯುವ ಮುಂಚೆ ಅದನ್ನು ಓಡಿಸಿ, ಸೀಳುಗಳ ಹತ್ತಿರ ಅಂಗೈ ಹಿಡಿದು ಎಲ್ಲಿ ಸೇದುತ್ತದೆ, ಎಲ್ಲಿ ಊದುತ್ತದೆ ಎಂದು ತಿಳಿದುಕೊಳ್ಳಿ. ಬಿಟ್ ಹಾಕದೆ ಓಡಿಸಬೇಕು, ಬಟ್ಟೆಯ ತೋಳು ಮಡಚಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಕೊರೆದ ಮೇಲೆ ಒಂದು ಎಳೆ ನೂಲನ್ನು ತೂತಿನ ಮುಂದೆ ಹಿಡಿದರೆ ಅದು ಒಳಕ್ಕೆ ಬಾಗಬೇಕು. ಹಿಂದೊಬ್ಬರು ನೂಲಿನ ಬದಲು ಊದುಬತ್ತಿಯ ಹೊಗೆ ಹಿಡಿದು ನೋಡಿದೆ ಎಂದು ಹೆಮ್ಮೆಯಿಂದ ಹೇಳಿದ್ದರು. ಮರದ ಹುಡಿ ತುಂಬಿದ ಪೆಟ್ಟಿಗೆಯ ಬಾಯಿಗೆ ಕೆಂಡ ಹಿಡಿಯುವ ಧೈರ್ಯ ನನಗಿಲ್ಲ.

ಈ ಎಲ್ಲ ವ್ಯವಸ್ಥೆಯಾದ ಮೇಲೂ ಮಾಸ್ಕ್ ಬಿಡುವಂತಿಲ್ಲ. ಮರದ ಧೂಳು ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಷ್ಟು ಹಿಂದೆಯೇ ಪ್ರಕಟಿಸಿದೆ, ಮತ್ತು ತೀರ ಸಣ್ಣ ಹುಡಿ ಯಾವ ಕೊಳವೆಗೂ ಪೂರ್ತಿ ಸಿಗುವುದಿಲ್ಲ. ಸ್ವಿಚ್ಚಿನ ವಿಷಯವಾಗಿ ಇಷ್ಟೇ: ಗುಡುಗು ಬಂದರೆ ಕರೆಂಟು ಹೋಗುವ ಊರು ನಮ್ಮದು, ಹೋದ ಕರೆಂಟು ಬಂದಾಗ ತಾನಾಗಿ ಓಡದಿರುವ, ಮತ್ತೆ ಒತ್ತಿದರೆ ಮಾತ್ರ ಓಡುವ ಸ್ವಿಚ್ಚನ್ನೇ ಕಪಾಟಿನ ಹೊರಗೆ, ಕೈಗೆಟುಕುವಲ್ಲಿ ಹಾಕಿಸಿ.

ಮಾಷ್ಟ್ರು ಮರುದಿನವೇ ಹನ್ನೆರಡು ತೂತು ಕೊರೆದರು, ಅಂಚಿಗೆ ಮರಳುಕಾಗದ ಉಜ್ಜಿ, ಎಣ್ಣೆ ಬಳಿದು, ಫೋಟೊ ಕಳಿಸಿದರು. ಮೋಟಾರನ್ನು ಬಿಚ್ಚಿ ಊದಿಸಿ, ಬ್ರಷ್ ಬದಲಿಸಿದ ಮೇಲೆ ಅದೂ ಸರಿಯಾಯಿತು. ತುಲಾ ಮಾಸದಲ್ಲಿ ಮತ್ತೆ ಫೋನ್ ಬಂತು. ರೂಟರ್ ಪುನಃ ಬಿಸಿಯಾಗುತ್ತಿದೆಯಂತೆ. ಮಳೆಗಾಲದಲ್ಲಿ ಎರಡು ತಿಂಗಳು ಮೇಜು ಬಳಸದೆ ಬಿಟ್ಟಿದ್ದರು, ಹನ್ನೆರಡರಲ್ಲಿ ಏಳು ತೂತುಗಳಿಗೆ ಕಣಜ ಅಚ್ಚುಕಟ್ಟಾಗಿ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಈಗ ಒಳಬದಿಗೆ ಸೊಳ್ಳೆಬಲೆಯ ತಂತಿ ಹೊಡೆಸಿದ್ದೇನೆ. ಬಲೆಯ ಎಳೆಗಳೂ ಗಾಳಿಯ ದಾರಿಯನ್ನು ಕಡಿಮೆ ಮಾಡುತ್ತವೆ, ಹುಡಿಯೂ ಅದಕ್ಕೆ ಅಂಟುತ್ತದೆ. ಹಾಗಾಗಿ ಬಲೆ ಹಾಕುವವರು ಹನ್ನೆರಡರ ಬದಲು ಹದಿನೆಂಟು ಕೊರೆಯಿರಿ, ವಾರಕ್ಕೊಮ್ಮೆ ಬ್ರಷ್ಷಿನಿಂದ ಬಲೆ ಒರೆಸಿ.