ಬರ್ಮಾದ ನಗೆಗಾರರು ಮತ್ತು ಕಲಂ 505: ಒಂದು ಹಳೆಯ ಜಗಳದ ಹಿನ್ನೆಲೆ

2019ರ ಏಪ್ರಿಲ್‌ನಲ್ಲಿ ಬರ್ಮಾದ (ಇಂದಿನ ಮ್ಯಾನ್ಮಾರ್) 'ಪೀಕಾಕ್ ಜನರೇಷನ್' ತಂಡದ ಯುವಕರು ಸೈನಿಕರ ವೇಷ ತೊಟ್ಟು, ಸೇನೆಯನ್ನು ಗೇಲಿ ಮಾಡುವ ಹಾಡು ಹೇಳಿದ್ದಕ್ಕಾಗಿ ಬಂಧನಕ್ಕೊಳಗಾದರು. ಆಗ ಅಲ್ಲಿದ್ದದ್ದು ಆಂಗ್ ಸಾನ್ ಸೂ ಕಿ ಅವರ ಪಕ್ಷದ ಚುನಾಯಿತ ಸರ್ಕಾರ. ಅಕ್ಟೋಬರ್ 30ರಂದು ತಂಡದ ಐವರಿಗೆ ದಂಡಸಂಹಿತೆಯ 505(ಎ) ಕಲಮಿನಡಿ ಒಂದು ವರ್ಷದ ಸಜೆಯಾಯಿತು.

ಅವರು ಹೇಳಿದ್ದು 'ಥಂಜಾತ್'. ಹೊಸ ವರ್ಷದ ನೀರೆರಚಾಟದ ಹಬ್ಬವಾದ ತಿಂಜಾನ್‌ನಲ್ಲಿ, ವಾದ್ಯದ ಗತ್ತಿಗೆ ಒಬ್ಬ ಸಾಲು ಎತ್ತಿಕೊಟ್ಟರೆ ಉಳಿದವರು ಒಕ್ಕೊರಲಿನಿಂದ ಅದಕ್ಕೆ ದನಿಗೂಡಿಸುವ ಈ ಹಾಡುಗಾರಿಕೆ, ಆಳುವವರ ತಪ್ಪುಗಳನ್ನು ಬಹಿರಂಗವಾಗಿ ಎತ್ತಿ ಆಡಲು ಜನರಿಗೆ ಸಂಪ್ರದಾಯವೇ ಕೊಟ್ಟಿದ್ದ ಪರವಾನಗಿಯಾಗಿತ್ತು. ಕುಣಿತ, ಸಂಗೀತ ಮತ್ತು ವಿದೂಷಕರ ಮಾತುಗಾರಿಕೆ ಬೆರೆತ 'ಅನ್ಯೇಂಟ್' ಎಂಬ ರಂಗಪ್ರಕಾರದಲ್ಲಿಯೂ, ನರ್ತಕಿ ವಿರಮಿಸುವ ಹೊತ್ತಿನಲ್ಲಿ ಹಾಸ್ಯಗಾರರು ಸಮಕಾಲೀನ ರಾಜಕೀಯವನ್ನು ಕೆಣಕುತ್ತಿದ್ದರು.

1962ರ ಮಾರ್ಚ್‌ನಲ್ಲಿ ಜನರಲ್ ನೆ ವಿನ್ ಅಧಿಕಾರ ಕಸಿದುಕೊಂಡ ಮೇಲೆ, ಅದೇ ವರ್ಷದ ಮುದ್ರಕರ ಹಾಗೂ ಪ್ರಕಾಶಕರ ನೋಂದಣಿ ಕಾನೂನಿನ ಬಲದಿಂದ ಪುಸ್ತಕ ಪತ್ರಿಕೆಗಳೆಲ್ಲ ಪರಿಶೀಲನಾ ಮಂಡಳಿಯ ಕೈಕೆಳಗೆ ಬಂದವು. ಆದರೆ ಅಚ್ಚಾಗುವ ಸಾಲನ್ನು ಹೊಡೆದುಹಾಕಿದಷ್ಟು ಸುಲಭವಾಗಿ, ರಂಗದ ಮೇಲೆ ಆ ಕ್ಷಣಕ್ಕೆ ಹುಟ್ಟುವ ಮಾತನ್ನು ಹೊಡೆದುಹಾಕಲಾಗದು. ಹೀಗಾಗಿ ಸಾಹಿತಿಯ ಮಟ್ಟಿಗೆ ಹಸ್ತಪ್ರತಿಯ ಮೇಲೆ ಬೀಳುತ್ತಿದ್ದ ಕತ್ತರಿ, ಹಾಸ್ಯಗಾರನ ಮಟ್ಟಿಗೆ ನೇರವಾಗಿ ಆತನ ಮೇಲೆಯೇ ಬಿತ್ತು ಎಂದು ನನಗೆ ಅನಿಸುತ್ತದೆ. 1988ರ ಜನದಂಗೆಯನ್ನು ತುಳಿದ ಸೇನಾಡಳಿತವು ಮರುವರ್ಷ ಥಂಜಾತನ್ನೇ ನಿಷೇಧಿಸಿತು.

ಮಂಡಾಲೆಯ 'ಮೀಸೆ ಸಹೋದರರು' ಎಂಬ ಹಾಸ್ಯತಂಡದ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. 1996ರ ಜನವರಿ 4ರ ಸ್ವಾತಂತ್ರ್ಯ ದಿನದಂದು ಯಾಂಗೂನಿನಲ್ಲಿ, ಆಗ ವಿರೋಧಪಕ್ಷದ ನಾಯಕಿಯಾಗಿದ್ದ ಸೂ ಕಿ ಅವರ ಮನೆಯಂಗಳದಲ್ಲಿ ಪ್ರದರ್ಶನ ನೀಡಿದ ಪಾ ಪಾ ಲೇ ಮತ್ತು ಲು ಜಾವ್ ಅವರಿಗೆ ಏಳು ವರ್ಷಗಳ ಶಿಕ್ಷೆಯಾಯಿತು. 2001ರಲ್ಲಿ ಬಿಡುಗಡೆಯಾದರೂ ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿ ಸಿಗಲಿಲ್ಲವಾದ್ದರಿಂದ, ಅವರು ತಂಡದ ಮೂರನೆಯವರಾದ ಲು ಮಾವ್ ಜೊತೆಗೂಡಿ ತಮ್ಮ ಮನೆಯ ಮುಂದಿನ ಕೋಣೆಯಲ್ಲಿಯೇ ವಿದೇಶಿ ಪ್ರವಾಸಿಗರಿಗಾಗಿ ಆಟ ಆಡತೊಡಗಿದರು. ಬರ್ಮೀ ಪ್ರೇಕ್ಷಕರಿಗೆ ನಿಷಿದ್ಧವಾದ ನಗೆ, ಡಾಲರ್ ತರುವ ಪ್ರವಾಸಿಗೆ ಸಿಗುವಂತಾದದ್ದು ಆ ವ್ಯವಸ್ಥೆಯ ವಿಚಿತ್ರ ಲೆಕ್ಕಾಚಾರ.

ದಂತವೈದ್ಯ ಶಿಕ್ಷಣ ಪಡೆದ ಹಾಸ್ಯಗಾರ ಝರ್ಗನಾರ್ ಅವರ ಕಥೆ ಇನ್ನೂ ಕಠೋರವಾದದ್ದು. ಹಲ್ಲುನೋವಿಗೆ ಗಡಿ ದಾಟಿ ಬಂದ ಬರ್ಮೀಯನನ್ನು ವೈದ್ಯರು 'ನಿಮ್ಮಲ್ಲಿ ದಂತವೈದ್ಯರಿಲ್ಲವೇ' ಎಂದು ಕೇಳಿದಾಗ, ಆತ 'ಇದ್ದಾರೆ, ಆದರೆ ಅಲ್ಲಿ ಬಾಯಿ ತೆರೆಯುವಂತಿಲ್ಲ' ಎಂದನೆಂಬ ಚಟಾಕಿ ಆ ದಿನಗಳಲ್ಲಿ ಹೆಸರಾಗಿತ್ತು. 2008ರ ನರ್ಗಿಸ್ ಚಂಡಮಾರುತದ ಬಳಿಕ ಸಂತ್ರಸ್ತರಿಗೆ ನೆರವು ಹಂಚಿ, ಸರ್ಕಾರದ ನಿರ್ಲಕ್ಷ್ಯದ ಬಗ್ಗೆ ವಿದೇಶಿ ಮಾಧ್ಯಮಗಳೊಂದಿಗೆ ಮಾತನಾಡಿದ ಝರ್ಗನಾರ್‌ಗೆ ಒಟ್ಟು 59 ವರ್ಷಗಳ ಸೆರೆವಾಸ ವಿಧಿಸಲಾಯಿತು; ಅನಂತರ ಅದು 35ಕ್ಕೆ ಇಳಿಯಿತು. 2011ರ ಅಕ್ಟೋಬರ್‌ನಲ್ಲಿ ಅವರು ಬಿಡುಗಡೆಯಾದರು.

ಮರುವರ್ಷ ಆಗಸ್ಟ್ 20ರಂದು ಪ್ರಕಟಣಾಪೂರ್ವ ಪರಿಶೀಲನೆ ರದ್ದಾಯಿತು. 2013ರಲ್ಲಿ ಖಾಸಗಿ ದಿನಪತ್ರಿಕೆಗಳು ಮರಳಿದವು, ಥಂಜಾತ್ ಕೂಡ ಮರಳಿತು. ಆದರೆ ಕಾನೂನಿನ ಬುಡ ಅಲುಗಲಿಲ್ಲ. 1937ರವರೆಗೆ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದ ಬರ್ಮಾದಲ್ಲಿ ಇಂದಿಗೂ ಇರುವುದು 1860ರ ಅದೇ ದಂಡಸಂಹಿತೆ. 2024ರ ಜುಲೈವರೆಗೆ ನಮ್ಮ ಠಾಣೆಗಳಲ್ಲಿಯೂ ಇದ್ದದ್ದು ಅದೇ. ಸೈನಿಕರನ್ನು ಕರ್ತವ್ಯದಿಂದ ವಿಮುಖಗೊಳಿಸುವ ಮಾತು ಅಪರಾಧವೆನ್ನುವ ಅದರ 505(ಎ) ಕಲಮೇ 2019ರಲ್ಲಿ ಹಾಡುಗಾರರ ಮೇಲೆ ಬಂತು. ಆ ವರ್ಷ ಯಾಂಗೂನ್ ಪ್ರಾಂತೀಯ ಸರ್ಕಾರವು, ಥಂಜಾತ್ ಸಾಹಿತ್ಯವನ್ನು ಮುಂಚಿತವಾಗಿ ತಪಾಸಣೆಗೆ ಸಲ್ಲಿಸಬೇಕೆಂದೂ ಸೂಚಿಸಿತ್ತು. ದಶಕಗಳ ಕಾಲ ಈ ಬಗೆಯ ಕಾನೂನುಗಳಿಂದಲೇ ಪೆಟ್ಟು ತಿಂದ ಪಕ್ಷದ ಆಳ್ವಿಕೆಯಲ್ಲಿ ಇದು ನಡೆಯಿತೆಂಬುದನ್ನು ಮರೆಮಾಚುವಂತಿಲ್ಲ.

2021ರ ಫೆಬ್ರುವರಿ 1ರಂದು ದಂಗೆ ಎದ್ದು ಅಧಿಕಾರ ಕಸಿದುಕೊಂಡ ಬಳಿಕ ಸೇನೆಯು 505(ಎ) ಕಲಮನ್ನು ಹಿಗ್ಗಿಸಿ, ಭಯ ಹುಟ್ಟಿಸುವ ಅಥವಾ ಸುಳ್ಳು ಸುದ್ದಿ ಹರಡುವ ಮಾತಿಗೆ ಮೂರು ವರ್ಷಗಳವರೆಗೆ ಶಿಕ್ಷೆ ವಿಧಿಸುವ 505ಎ ಎಂಬ ಬೇರೆಯೇ ಹೊಸ ಕಲಮನ್ನೂ ಸೇರಿಸಿತು. ಮಾರ್ಚ್ 8ರಂದು ಮಿಝಿಮಾ, ಡಿವಿಬಿ ಸೇರಿ ಐದು ಸುದ್ದಿಸಂಸ್ಥೆಗಳ ಪರವಾನಗಿ ರದ್ದಾಯಿತು. ಏಪ್ರಿಲ್‌ನಲ್ಲಿ ಸರ್ಕಾರಿ ಮಾಧ್ಯಮಗಳು, ಬೇಕಾದ ಆರೋಪಿಗಳೆಂದು ನಟ, ಗಾಯಕ, ನಿರ್ದೇಶಕರ ಹೆಸರುಗಳನ್ನು ಪಟ್ಟಿಪಟ್ಟಿಯಾಗಿ ಪ್ರಕಟಿಸಿದವು. ರೂಪದರ್ಶಿ ಪೈಂಗ್ ತಖೋನ್ ಬಂಧಿತರಾದದ್ದು ಆ ತಿಂಗಳಲ್ಲಿ. ಝರ್ಗನಾರ್ ಮತ್ತೆ ಬಂಧಿತರಾದದ್ದೂ ಆಗಲೇ.