ಸಂಬಳ ಕೇಳುವ ಮುಂಚೆ ಕೆಲಸದ ಲೆಕ್ಕ ಬರೆದಿಡಿ

ಮಡಿಕೇರಿಯಲ್ಲಿ ಕೆಲಸ ಹುಡುಕುವವರಿಗೆ ತರಬೇತಿ ಕೊಡುವುದು ನನ್ನ ವೃತ್ತಿ. ಅದಕ್ಕೂ ಮುಂಚೆ ಹೋಟೆಲೊಂದರ ಎಚ್‌ಆರ್ ವಿಭಾಗದಲ್ಲಿದ್ದೆ. ಮೇಜಿನ ಆಚೆ ಕೂತು ಪ್ರಶ್ನೆ ಕೇಳುವ ಕೆಲಸ. ಎರಡೂ ಕಡೆ ನೋಡಿದ ಮೇಲೆ ಒಂದು ವಿಷಯ ನನಗೆ ಖಾತ್ರಿಯಾಗಿದೆ. ಇಂಟರ್‌ವ್ಯೂನಲ್ಲಿ ತಡವರಿಸುವ ಬಹಳ ಜನಕ್ಕೆ ತಾವು ಇಲ್ಲಿಯವರೆಗೆ ಏನೇನು ಕೆಲಸ ಮಾಡಿದ್ದೇವೆ ಅನ್ನುವುದೇ ಸರಿಯಾಗಿ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಹೇಳುವುದು ಹೇಗೆ? ಅದಕ್ಕೆ ಬೆಲೆ ಕೇಳುವುದು ಹೇಗೆ? ಇದಕ್ಕೆ ನಾವು 'ಕಾನ್ಫಿಡೆನ್ಸ್ ಇಲ್ಲ' ಅಂತ ಹೆಸರಿಟ್ಟು ಸುಮ್ಮನಾಗುತ್ತೇವೆ.

ಸಿದ್ದಾಪುರ ಕಡೆಯ ಬಿ.ಕಾಂ ಹುಡುಗನೊಬ್ಬ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ಘಟಕವೊಂದಕ್ಕೆ ಅರ್ಜಿ ಹಾಕಿದ್ದ. ಸ್ಟೋರ್ ಅಸಿಸ್ಟೆಂಟ್ ಕೆಲಸ. ಬಯೋಡೇಟಾದಲ್ಲಿ 'ಅನುಭವ: ಇಲ್ಲ' ಅಂತ ಬರೆದುಕೊಂಡು ನನ್ನ ಹತ್ತಿರ ಬಂದ.

"ಡಿಗ್ರಿ ಮುಗಿದು ವರ್ಷ ಆಯ್ತಲ್ಲ, ಏನು ಮಾಡ್ತಿದ್ದೆ?"

"ಏನಿಲ್ಲ ಮೇಡಂ. ಸುಮ್ನೆ ಮನೇಲಿದ್ದೆ, ತೋಟ ನೋಡ್ಕೊಂಡು."

"ಕುಯ್ಲಿನ ಟೈಮಲ್ಲಿ ಮಸ್ಟರ್, ಅಂದ್ರೆ ಆಳುಗಳ ಹಾಜರಿ, ಯಾರು ಬರೀತಿದ್ರು?"

"ನಾನೇ."

"ತೂಕ?"

"ಅದೂ ನಾನೇ. ಸಂಜೆ ಹಣ್ಣು ತೂಗಿ, ಯಾರ್ಯಾರು ಎಷ್ಟು ಕೆಜಿ ಕುಯ್ದ್ರು ಅಂತ ಬರೆದು, ವಾರದ ಬಟವಾಡೆ ಮಾಡೋದು."

"ಲೆಕ್ಕ ತಪ್ಪಿ ಜಗಳ ಆಗಿದ್ದಿದ್ಯಾ?"

"ಮೊದಲು ಆಗ್ತಿತ್ತು. ಆಮೇಲೆ ತೂಗಿದ ಕೂಡಲೇ ಅವರ ಎದುರೇ ಬರೆದು, ಓದಿ ಹೇಳೋಕೆ ಶುರು ಮಾಡಿದೆ. ಜಗಳ ನಿಂತೋಯ್ತು."

ಸ್ಟೋರ್ ಅಸಿಸ್ಟೆಂಟಿಗೆ ಬೇಕಾಗಿರುವುದು ಇದೇ ಅಲ್ವಾ? ಬಂದ ಚೀಲ, ಹೋದ ಚೀಲ, ತೂಕ, ದಾಖಲೆ, ಲೋಡು ತಂದವರ ಜೊತೆ ತಕರಾರಿಲ್ಲದೆ ಮಾತಾಡುವುದು. 'ಏನಿಲ್ಲ' ಅಂದ ಹುಡುಗ ಇದನ್ನೆಲ್ಲ ಎರಡು ಕುಯ್ಲು ಮಾಡಿದ್ದ. ಬಯೋಡೇಟಾದಲ್ಲಿ ಆ ಸಾಲು ತೆಗೆಸಿ ಹೀಗೆ ಬರೆಸಿದೆ: 'ಎರಡು ಕಾಫಿ ಕುಯ್ಲಿನಲ್ಲಿ ದಿನಕ್ಕೆ 20ರಿಂದ 25 ಜನರ ಮಸ್ಟರ್, ತೂಕ, ಬಟವಾಡೆ ಲೆಕ್ಕ ನೋಡಿಕೊಂಡಿದ್ದೇನೆ. ತೂಕವನ್ನು ಆಳುಗಳ ಎದುರೇ ಬರೆಯುವ ಕ್ರಮ ತಂದ ಮೇಲೆ ಬಟವಾಡೆ ತಕರಾರು ನಿಂತಿತು.' ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬರೆದದ್ದನ್ನು ಅವನೇ ಓದಿ ನೋಡಿದ. ಆಮೇಲೆ ಅವನ ಮಾತು ಬೇರೆಯೇ ಆಯಿತು, ಯಾಕೆಂದರೆ ಈಗ ಅವನ ಹತ್ತಿರ ಹೇಳುವುದಕ್ಕೆ ಏನೋ ಇತ್ತು.

ನಮ್ಮ ಜಿಲ್ಲೆಯಲ್ಲಿ ಈ 'ಏನಿಲ್ಲ' ತುಂಬಾ ಜಾಸ್ತಿ. ಹೋಂಸ್ಟೇ ಇರುವ ಮನೆಯ ಮಕ್ಕಳು ಬುಕಿಂಗ್ ನೋಡುತ್ತಾರೆ, ಅತಿಥಿಗಳ ಊಟ ತಿಂಡಿ ನೋಡುತ್ತಾರೆ, ಆನ್‌ಲೈನ್‌ನಲ್ಲಿ ಕೆಟ್ಟ ರಿವ್ಯೂ ಬಂದರೆ ಉತ್ತರ ಕೊಡುತ್ತಾರೆ. ಅದನ್ನು ಯಾರೂ ಅನುಭವ ಅನ್ನುವುದಿಲ್ಲ, ಮನೆ ಕೆಲಸ ಅನ್ನುತ್ತಾರೆ. ಭಾಷೆಯ ಕಥೆಯೂ ಅದೇ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಪಕ್ಕದ ಮನೆಯವರ ಜೊತೆ ಮಲಯಾಳಂ ಅಥವಾ ತುಳು, ಟಿವಿ ನೋಡಿ ಕಲಿತ ಹಿಂದಿ. ಬಯೋಡೇಟಾದಲ್ಲಿ ಮಾತ್ರ 'ಕನ್ನಡ, ಇಂಗ್ಲಿಷ್'. ಕೇರಳದ ಅತಿಥಿಗಳು ಬರುವ ರೆಸಾರ್ಟಿನಲ್ಲಿ ಮಲಯಾಳಂ ಬರುವ ಫ್ರಂಟ್ ಆಫೀಸ್ ಹುಡುಗಿಗೆ ಬೆಲೆ ಇದೆ. ದಯವಿಟ್ಟು ಬರೆಯಿರಿ.

ಸೇನೆಯಿಂದ ನಿವೃತ್ತರಾಗಿ ಬಂದವರದ್ದು ಇನ್ನೊಂದು ತೊಂದರೆ. 'ಹವಾಲ್ದಾರ್ ಆಗಿದ್ದೆ' ಅಂತ ಹೇಳಿ ನಿಲ್ಲಿಸಿಬಿಡುತ್ತಾರೆ. ಎದುರು ಕೂತ ಮೂವತ್ತರ ಹರೆಯದ ಮ್ಯಾನೇಜರಿಗೆ ಹವಾಲ್ದಾರ್ ಅಂದರೆ ಏನು ಮಾಡುವವರು ಅಂತಲೇ ಗೊತ್ತಿರುವುದಿಲ್ಲ. ಎಷ್ಟು ಜನ ನಿಮ್ಮ ಕೈಕೆಳಗಿದ್ದರು, ಯಾವ ಸಾಮಾನು, ಯಾವ ವಾಹನ ನಿಮ್ಮ ಜವಾಬ್ದಾರಿಯಲ್ಲಿತ್ತು, ರಾತ್ರಿ ಪಾಳಿ ಹೇಗೆ ಹಂಚುತ್ತಿದ್ದಿರಿ, ಅದನ್ನು ಹೇಳಿ. ಇನ್ನೊಂದು ಮಾತು. 'ನಿಮಗೆ ಪೆನ್ಶನ್ ಇದೆಯಲ್ಲ' ಅಂತ ಹೇಳಿ ಸಂಬಳ ಇಳಿಸಲು ನೋಡುವವರಿದ್ದಾರೆ. ಪೆನ್ಶನ್ ಹಿಂದೆ ಮಾಡಿದ ಸೇವೆಗೆ ಬರುವಂಥದ್ದು. ಇವತ್ತಿನ ಕೆಲಸದ ಸಂಬಳಕ್ಕೂ ಅದಕ್ಕೂ ಸಂಬಂಧ ಇಲ್ಲ. "ಸರ್, ಈ ಹುದ್ದೆಗೆ ನೀವು ಬೇರೆಯವರಿಗೆ ಎಷ್ಟು ಕೊಡ್ತೀರೋ ಅಷ್ಟೇ ನನಗೂ ಕೊಡಿ" ಅಂದರೆ ಸಾಕು. ಗಟ್ಟಿಯಾಗಿ, ಸಿಟ್ಟಿಲ್ಲದೆ.

ಇನ್ನು ಭಯ. ಎದೆ ಹೊಡೆದುಕೊಳ್ಳುತ್ತೆ, ಬಾಯಿ ಒಣಗುತ್ತೆ. ಎಲ್ಲರಿಗೂ ಆಗುವಂಥದ್ದು. ಇಂಟರ್‌ವ್ಯೂಗೆ ಮುಂಚೆ ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ಎದೆ ಸೆಟೆಸಿ ನಿಲ್ಲಿ ಅನ್ನುವ ವಿಡಿಯೋ ನೀವೂ ನೋಡಿರಬಹುದು. ಅದು ಹುಟ್ಟಿದ್ದು 2010ರಲ್ಲಿ ಅಮೆರಿಕದಲ್ಲಿ 42 ಜನರ ಮೇಲೆ ನಡೆದ ಒಂದು ಅಧ್ಯಯನದಿಂದ. 2015ರಲ್ಲಿ ಬೇರೆ ಸಂಶೋಧಕರು 200 ಜನರ ಮೇಲೆ ಮಾಡಿ ನೋಡಿದರು. ಹಾಗೆ ನಿಂತರೆ ದೇಹದ ಹಾರ್ಮೋನ್ ಬದಲಾಗುತ್ತದೆ ಅಂತ ಮೊದಲ ಅಧ್ಯಯನ ಹೇಳಿತ್ತು, ಆ ಬದಲಾವಣೆ ಇಲ್ಲಿ ಕಾಣಲೇ ಇಲ್ಲ. ಮೊದಲ ಅಧ್ಯಯನದ ಮುಖ್ಯ ಲೇಖಕಿ ಡೇನಾ ಕಾರ್ನಿ ಅವರೇ 2016ರಲ್ಲಿ ಆ ಪರಿಣಾಮ ನಿಜ ಅಂತ ತಾವು ನಂಬುವುದಿಲ್ಲ ಎಂದು ಬರೆದರು. ಹಾಗಾಗಿ ನಾನು ಅದನ್ನು ಯಾರಿಗೂ ಹೇಳಿಕೊಡುವುದಿಲ್ಲ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅವರ 2014ರ ಅಧ್ಯಯನ ಇದಕ್ಕಿಂತ ಉಪಯೋಗಕ್ಕೆ ಬರುತ್ತದೆ. ಭಾಷಣಕ್ಕೆ ಮುಂಚೆ 'ನಾನು ಶಾಂತವಾಗಿದ್ದೇನೆ' ಅಂತ ಹೇಳಿಕೊಂಡವರಿಗಿಂತ 'ನನಗೆ ಹುರುಪಾಗಿದೆ' ಅಂತ ಹೇಳಿಕೊಂಡವರು ಚೆನ್ನಾಗಿ ಮಾತಾಡಿದರು. ಹೊಡೆದುಕೊಳ್ಳುವ ಎದೆಯನ್ನು ಬಲವಂತವಾಗಿ ತಣ್ಣಗೆ ಮಾಡಲು ಹೋಗಬೇಡಿ. ಅದು ಹೊಡೆದುಕೊಳ್ಳಲಿ, ನೀವು ಮಾತು ಶುರು ಮಾಡಿ.

ಆದರೆ ನನ್ನ ಅನುಭವದಲ್ಲಿ ಭಯ ನಿಜವಾಗಿ ಕಡಿಮೆಯಾಗುವುದು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದಾಗ. ಮನಸ್ಸಿನಲ್ಲಿ ಓದಿಕೊಂಡರೆ ಸಾಲದು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ಕೇಳಲು ಕಷ್ಟ, ನಾಲ್ಕನೇ ಸಲಕ್ಕೆ ನಿಮ್ಮ ತಪ್ಪು ನಿಮಗೇ ತಿಳಿಯುತ್ತದೆ. ಉತ್ತರವನ್ನು ಅಕ್ಷರಕ್ಕೆ ಅಕ್ಷರ ಬಾಯಿಪಾಠ ಮಾಡಬೇಡಿ, ನಡುವೆ ಒಂದು ಪದ ಮರೆತರೆ ಎಲ್ಲವೂ ನಿಂತುಬಿಡುತ್ತದೆ. ಮೂರು ಸಂಗತಿ ಮಾತ್ರ ನೆನಪಿಟ್ಟುಕೊಳ್ಳಿ: ಏನು ತೊಂದರೆ ಇತ್ತು, ನಾನು ಏನು ಮಾಡಿದೆ, ಆಮೇಲೆ ಏನು ಬದಲಾಯಿತು. ಸಿದ್ದಾಪುರದ ಹುಡುಗನ ಬಟವಾಡೆ ಜಗಳದ ಹಾಗೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷಿನದ್ದೇ ದೊಡ್ಡ ಹೆದರಿಕೆ. ಚಿಕ್ಕ ಚಿಕ್ಕ ವಾಕ್ಯ ಮಾತಾಡಿ. ಸಿಕ್ಕಿಹಾಕಿಕೊಂಡರೆ "ಇದನ್ನು ಕನ್ನಡದಲ್ಲಿ ಹೇಳಬಹುದಾ ಸರ್?" ಅಂತ ಕೇಳಿ, ಹೇಳಿ ಮುಗಿಸಿ, ಮತ್ತೆ ಇಂಗ್ಲಿಷಿಗೆ ಬನ್ನಿ. ಹಾಗೆ ಕೇಳಿದವರನ್ನು ನಾನು ಕಡಿಮೆ ಅಂಕ ಕೊಟ್ಟು ಕಳಿಸಿದ್ದಿಲ್ಲ. ಅರ್ಥವಾಗದ ಪ್ರಶ್ನೆಗೆ ಏನೋ ಒಂದು ಉತ್ತರ ಕೊಟ್ಟವರನ್ನು ಕಳಿಸಿದ್ದೇನೆ.

ಹೆಣ್ಣುಮಕ್ಕಳಿಗೆ 'ಮದುವೆ ಯಾವಾಗ?' ಅನ್ನುವ ಪ್ರಶ್ನೆ ಇವತ್ತಿಗೂ ಬರುತ್ತದೆ. ಕೇಳಬಾರದ ಪ್ರಶ್ನೆ ಅದು. ಆದರೂ ಕೇಳಿದರೆ, ಅದರ ಹಿಂದಿರುವ ಅನುಮಾನಕ್ಕೆ ಮಾತ್ರ ಉತ್ತರ ಕೊಡಿ: "ಸರ್, ಶಿಫ್ಟ್ ಸಮಯ ನನಗೆ ಒಪ್ಪಿಗೆ ಇದೆ. ಈ ಕೆಲಸದಲ್ಲಿ ಕೆಲವು ವರ್ಷ ಇದ್ದು ಕಲಿಯಬೇಕು ಅಂತಲೇ ಬಂದಿದ್ದೇನೆ." ಮನೆಯ ವಿಷಯ ಹೇಳಲೇಬೇಕಾಗಿಲ್ಲ.

ಊರಿನ ಅನುಕೂಲ ಅನನುಕೂಲವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಮಗೆ ರೈಲಿಲ್ಲ. ಮೈಸೂರಲ್ಲಿ ಬೆಳಿಗ್ಗೆ 10ಕ್ಕೆ ಇಂಟರ್‌ವ್ಯೂ ಇದ್ದರೆ, ಅದರಲ್ಲೂ ಮಳೆಗಾಲವಾದರೆ, ಹಿಂದಿನ ದಿನವೇ ಹೋಗಿ. ವಿಡಿಯೋ ಇಂಟರ್‌ವ್ಯೂ ಆದರೆ ಕರೆಂಟ್ ಮತ್ತು ನೆಟ್‌ವರ್ಕ್ ಎರಡನ್ನೂ ನಂಬಬೇಡಿ. ಬೇರೆ ಕಂಪನಿಯ ಇನ್ನೊಂದು ಸಿಮ್ ಇಟ್ಟುಕೊಳ್ಳಿ, "ಇಲ್ಲಿ ಮಳೆ ಜಾಸ್ತಿ, ಲೈನ್ ಕಟ್ ಆದರೆ ಈ ನಂಬರಿಗೆ ಫೋನ್ ಮಾಡಿ" ಅಂತ ಮೊದಲೇ ಮೆಸೇಜ್ ಹಾಕಿ. ಕಟ್ ಆದಾಗ ಗಾಬರಿಯಾಗುವುದು ಇದರಿಂದ ತಪ್ಪುತ್ತದೆ.

ಈಗ ಹಣದ ಮಾತು. 'ಎಷ್ಟು ನಿರೀಕ್ಷೆ ಇದೆ?' ಅಂದ ತಕ್ಷಣ ನಮ್ಮ ಹುಡುಗರು 'ನೀವು ಕೊಟ್ಟಷ್ಟು ಕೊಡಿ ಸರ್' ಅಂದುಬಿಡುತ್ತಾರೆ. ಅದು ಮರ್ಯಾದೆಯ ಮಾತು ಅಂತ ಅವರ ಲೆಕ್ಕ. ಎದುರಿನವರಿಗೆ ಕೇಳಿಸುವುದು 'ನನಗೆ ಮಾರುಕಟ್ಟೆ ಗೊತ್ತಿಲ್ಲ' ಅಂತ. ಅದೇ ಕೆಲಸಕ್ಕೆ ಕುಶಾಲನಗರದಲ್ಲಿ, ವಿರಾಜಪೇಟೆಯಲ್ಲಿ, ಮೈಸೂರಿನಲ್ಲಿ ಎಷ್ಟು ಕೊಡುತ್ತಾರೆ ಅಂತ ಕೆಲಸದಲ್ಲಿರುವ ನಾಲ್ಕು ಜನರನ್ನು ಕೇಳಿ ಹೋಗಿ. '20ರಿಂದ 25' ಅಂತ ಹೇಳಿದರೆ ಅವರು ಹಿಡಿದುಕೊಳ್ಳುವುದು 20ನ್ನೇ. ಒಂದೇ ಸಂಖ್ಯೆ ಹೇಳಿ, ಕಾರಣ ಹೇಳಿ, ಸುಮ್ಮನಿರಿ. ಹೇಳಿದ ಮೇಲೆ ಬರುವ ಆ ಮೌನ ತಡೆಯಲಾಗದೆ 'ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ' ಅಂತ ತಾವೇ ಇಳಿಸುವವರನ್ನು ಎಷ್ಟೋ ಸಲ ನೋಡಿದ್ದೇನೆ. ಅವರು ಲೆಕ್ಕ ಹಾಕುತ್ತಿದ್ದಾರೆ, ಹಾಕಲಿ ಬಿಡಿ.

ಮೊದಲ ಸಂಬಳ ಯಾಕೆ ಮುಖ್ಯ ಗೊತ್ತಾ? ಒಬ್ಬರು 20,000ಕ್ಕೆ, ಇನ್ನೊಬ್ಬರು 23,000ಕ್ಕೆ ಸೇರಿದರು ಅಂತಿಟ್ಟುಕೊಳ್ಳಿ. ಇಬ್ಬರಿಗೂ ವರ್ಷಕ್ಕೆ 8 ಪರ್ಸೆಂಟ್ ಏರಿಕೆ. ಐದು ವರ್ಷಕ್ಕೆ ಒಬ್ಬರದ್ದು ಸುಮಾರು 29,400, ಇನ್ನೊಬ್ಬರದ್ದು 33,800. ಮೂರು ಸಾವಿರದ ವ್ಯತ್ಯಾಸ ನಾಲ್ಕು ಸಾವಿರ ದಾಟಿತು, ಕೆಲಸ ಒಂದೇ ಆದರೂ.

ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ಅನ್ನುವುದನ್ನು ಬಿಡಿಸಿ ನೋಡದೆ ಒಪ್ಪಬೇಡಿ. ವರ್ಷಕ್ಕೆ 3.6 ಲಕ್ಷ ಅಂದರೆ ತಿಂಗಳಿಗೆ 30,000 ಕೈಗೆ ಬರುತ್ತೆ ಅಂತ ಮನೆಯಲ್ಲಿ ಹೇಳಿ ಬಂದಿರುತ್ತಾರೆ. ಬೇಸಿಕ್ 15,000 ಇದ್ದರೆ ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) 12 ಪರ್ಸೆಂಟ್, ಅಂದರೆ 1,800. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆ ಸುಮಾರು 720. ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವ ಭಾಗ 10 ಪರ್ಸೆಂಟ್ ಇಟ್ಟಿದ್ದರೆ 3,000. ಇವೆಲ್ಲ 30,000ದ ಒಳಗೇ ಇರುತ್ತವೆ. ಉಳಿದದ್ದರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೆ 1,800. ಕೊನೆಗೆ ಕೈಗೆ ಬರುವುದು ಸುಮಾರು 22,700. ಪಿಎಫ್ ನಿಮ್ಮದೇ ದುಡ್ಡು, ಅದು ನಷ್ಟ ಅಲ್ಲ. ಆದರೆ ಬಾಡಿಗೆ ಕಟ್ಟಬೇಕಾಗಿರುವುದು ಈ 22,700ರಲ್ಲಿ. "ತಿಂಗಳಿಗೆ ಖಾತೆಗೆ ಎಷ್ಟು ಬೀಳುತ್ತೆ ಸರ್?" ಅಂತ ಕೇಳುವುದರಲ್ಲಿ ಯಾವ ನಾಚಿಕೆಯೂ ಬೇಡ. ರೆಸಾರ್ಟ್ ಕೆಲಸವಾದರೆ ರೂಮು, ಊಟ, ಸರ್ವಿಸ್ ಚಾರ್ಜಿನ ಪಾಲು ಇವನ್ನೂ ಕೇಳಿ. ರೂಮು ಊಟ ಕೊಡುವ 16,000ದ ಕೆಲಸ, ಏನೂ ಕೊಡದ 20,000ದ ಕೆಲಸಕ್ಕಿಂತ ಮೇಲಾಗಬಹುದು.

ಕೆಲಸದಲ್ಲಿರುವವರು ಸಂಬಳ ಏರಿಸಿ ಅಂತ ಕೇಳುವುದು ಇಂಟರ್‌ವ್ಯೂಗಿಂತ ಕಷ್ಟ. ಕೊಡಗಿನಲ್ಲಿ ಅದಕ್ಕೆ ಒಂದು ಕಾರಣ ಇದೆ. ಇಲ್ಲಿ ಮಾಲೀಕರು ಪರಿಚಯದವರಾಗಿರುತ್ತಾರೆ, ಎಷ್ಟೋ ಸಲ ನೆಂಟರೇ ಆಗಿರುತ್ತಾರೆ. ಮದುವೆ ಮನೆಯಲ್ಲಿ ಸಿಗುತ್ತಾರೆ. 'ಕೇಳಿದ್ರೆ ಏನಂದ್ಕೋತಾರೋ' ಅನ್ನುವ ಸಂಕೋಚ ನಿಜವಾದದ್ದು, ಅದನ್ನು ಹಗುರವಾಗಿ ನೋಡಬಾರದು. ಆದರೆ ಸಂಕೋಚ ಹೆಚ್ಚುವುದು ಕಷ್ಟ ಹೇಳಿಕೊಂಡು ಕೇಳಿದಾಗ. ಮಗಳ ಫೀಸು, ಮನೆ ಸಾಲ ಹೇಳಿ ಕೇಳಿದರೆ ಅದು ಸಹಾಯ ಬೇಡಿದ ಹಾಗಾಗುತ್ತದೆ, ಕೊಟ್ಟರೂ ಋಣವಾಗಿ ಉಳಿಯುತ್ತದೆ. ಕೆಲಸದ ಲೆಕ್ಕ ಇಟ್ಟು ಕೇಳಿದರೆ ಇಬ್ಬರಿಗೂ ಹಗುರ.

ಗೋಣಿಕೊಪ್ಪದ ಹತ್ತಿರದ ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯುವವರು) ಒಬ್ಬರು ಸಾಹುಕಾರರ ಹತ್ತಿರ ಹೋಗುವ ಮುಂಚೆ ನಾವು ಕೂತು ಬರೆದದ್ದು ಹೀಗಿತ್ತು: "ನಾನು ಸೇರಿದಾಗ ಮಸ್ಟರ್ ಮಾತ್ರ ನನ್ನದಾಗಿತ್ತು. ಈಗ ಕಣ, ಗೊಬ್ಬರದ ಸ್ಟಾಕು, ಕರಿಮೆಣಸಿನ ಲೆಕ್ಕ ಮೂರೂ ನನ್ನ ಮೇಲಿದೆ. ಹೋದ ವರ್ಷ ಹೊರಗಿನಿಂದ ಕರೆಸುತ್ತಿದ್ದ ಅಕೌಂಟ್ಸ್‌ನವರನ್ನು ನಿಲ್ಲಿಸಿದ್ದೀರಿ, ಆ ಕೆಲಸ ನಾನೇ ಮಾಡ್ತಿದ್ದೇನೆ. ಅದಕ್ಕೆ ತಕ್ಕ ಹಾಗೆ ಸಂಬಳ 4,000 ಏರಿಸಬೇಕು ಅಂತ ಕೇಳ್ತಿದ್ದೇನೆ." ಇಷ್ಟೇ. ಪೂರ್ತಿ ನಾಲ್ಕು ಸಾವಿರ ಸಿಗಲಿಲ್ಲ, 3,000 ಸಿಕ್ಕಿತು, ಜೊತೆಗೆ ಓಡಾಟಕ್ಕೆ ಪೆಟ್ರೋಲ್ ಖರ್ಚು. ಇಬ್ಬರ ಮಾತುಕತೆ ಕೆಡಲಿಲ್ಲ.

ಅವರು ಕೇಳಿದ್ದು ಕುಯ್ಲು ಮುಗಿದು, ಕಾಫಿ ಮಾರಾಟವಾಗಿ, ಲೆಕ್ಕ ಚುಕ್ತಾ ಆದ ಮೇಲೆ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬರಲಿಲ್ಲ ಅಂತ ಸಾಹುಕಾರರು ಆಕಾಶ ನೋಡುತ್ತಿರುವಾಗ ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತೇನೋ. ರೆಸಾರ್ಟಿನವರು ಜುಲೈನಲ್ಲಿ, ರೂಮು ಖಾಲಿ ಇರುವಾಗ ಕೇಳಬೇಡಿ. ದಸರಾ ಸೀಸನ್ ಶುರುವಾಗುವ ಮುಂಚೆ, ನಿಮ್ಮ ಅಗತ್ಯ ಎಲ್ಲರಿಗೂ ಕಾಣುವಾಗ ಕೇಳಿ. ಏಪ್ರಿಲ್‌ನಲ್ಲಿ ಏರಿಕೆ ಕೊಡುವ ಕಂಪನಿಗಳಲ್ಲಿ ಮಾರ್ಚ್ ಕೊನೆಗೆ ಕೇಳಿದರೆ ತಡವಾಯಿತು. ಬಜೆಟ್ ಅಷ್ಟರಲ್ಲಿ ಹಂಚಿ ಆಗಿರುತ್ತದೆ. ಡಿಸೆಂಬರ್, ಜನವರಿಯಲ್ಲೇ ಮಾತು ಹಾಕಿಡಿ.

ಬೇರೆ ಕಡೆ ಆಫರ್ ಇದೆ ಅಂತ ಸುಳ್ಳು ಹೇಳಬೇಡಿ. ನಮ್ಮದು ಚಿಕ್ಕ ಜಿಲ್ಲೆ, ಸಂಜೆಯೊಳಗೆ ಗೊತ್ತಾಗುತ್ತದೆ. 'ಈಗ ಆಗಲ್ಲ' ಅಂದರೆ ಎದ್ದು ಬರಬೇಡಿ. "ಸರಿ ಸರ್, ಯಾವಾಗ ಮತ್ತೆ ಮಾತಾಡೋಣ? ಅಷ್ಟರೊಳಗೆ ನಾನು ಏನು ಮಾಡಿ ತೋರಿಸಬೇಕು?" ಅಂತ ಕೇಳಿ. ಅವರು ಹೇಳಿದ್ದನ್ನು ಅದೇ ದಿನ ಎರಡು ಸಾಲಿನ ಮೇಲ್ ಅಥವಾ ವಾಟ್ಸ್ಆ್ಯಪ್ ಮೆಸೇಜ್ ಮಾಡಿ ಕಳಿಸಿ. ಆ ದಿನ ಬಂದಾಗ ನೀವೇ ನೆನಪಿಸಿ. ಎರಡನೇ ಸಲವೂ ಬರೀ ದಿನ ಮುಂದಕ್ಕೆ ಹೋದರೆ, ಬೇರೆ ಕೆಲಸ ಹುಡುಕಲು ಶುರು ಮಾಡಿ ಅಂತಲೇ ನಾನು ಹೇಳುವುದು.

ಏರಿಕೆ ಸಿಕ್ಕವರು ಒಂದು ವಿಷಯ ಗಮನಿಸಿ. ನಿಮಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ, ಅದರ ಸಂಬಳದ ಮಿತಿ ತಿಂಗಳಿಗೆ 21,000. ಏರಿಕೆಯಿಂದ ಅದನ್ನು ದಾಟಿದರೆ ಆ ಅರ್ಧ ವರ್ಷದ ಅವಧಿ, ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಿಂದ ಮಾರ್ಚ್, ಮುಗಿಯುವವರೆಗೆ ವಂತಿಗೆ ಕಟ್ಟುತ್ತಾರೆ, ಆಮೇಲೆ ನಿಲ್ಲುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದು ಅವರ ಚಿಕಿತ್ಸೆಯೂ ಅದರಲ್ಲೇ ನಡೆಯುತ್ತಿದ್ದರೆ ಇದು ಸಣ್ಣ ವಿಷಯ ಅಲ್ಲ. 20,500ರಿಂದ 21,500ಕ್ಕೆ ಏರಿಸುತ್ತೇವೆ ಅಂದಾಗಲೇ, ಅಪ್ಪ ಅಮ್ಮನನ್ನೂ ಸೇರಿಸಿ ಆರೋಗ್ಯ ವಿಮೆ ಮಾಡಿಸಿಕೊಡುತ್ತೀರಾ ಅಂತ ಕೇಳಿಬಿಡಿ.