ಊಟ ಆದ ಮೇಲೆ ಹತ್ತು ನಿಮಿಷ ನಡೆಯಿರಿ

ಹೊಸದಾಗಿ ಶುಗರ್ ಬಂದವರಿಗೆ ದಿನಾ ನಡೆಯಿರಿ ಅಂದರೆ, ಹೆಂಗಸರು ಸಾಮಾನ್ಯವಾಗಿ ಕೇಳುವ ಮಾತೊಂದಿದೆ: "ಬೆಳಗ್ಗಿಂದ ರಾತ್ರಿವರೆಗೂ ಮನೆ ಕೆಲಸ ಮಾಡ್ತಾನೇ ಇರ್ತೀನಲ್ಲ ಡಾಕ್ಟ್ರೇ, ಅದು ಸಾಕಾಗಲ್ವಾ?" ನ್ಯಾಯವಾದ ಪ್ರಶ್ನೆ. ನೆಲ ಒರೆಸುವುದು, ಬಟ್ಟೆ ಒಗೆಯುವುದು, ನೀರು ಹೊರುವುದು ಖಂಡಿತ ಲೆಕ್ಕಕ್ಕೆ ಬರುತ್ತವೆ. ಆದರೆ ಒಲೆ ಮುಂದೆ ಒಂದು ಗಂಟೆ ನಿಂತರೆ ಸುಸ್ತಾಗುತ್ತದೆಯೇ ಹೊರತು ಕಾಲು, ತೊಡೆಗಳಿಗೆ ಬೇಕಾದಷ್ಟು ಕೆಲಸ ಸಿಗುವುದಿಲ್ಲ. ಶುಗರ್ ವಿಷಯದಲ್ಲಿ ಮುಖ್ಯವಾದದ್ದು ಆ ಕೆಲಸವೇ.

ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯಲ್ಲಿ ದೊಡ್ಡ ಪಾಲು ಮಾಂಸಖಂಡಗಳಿಗೆ ಹೋಗಬೇಕು. ಅದಕ್ಕೆ ದೇಹದಲ್ಲೇ ತಯಾರಾಗುವ ಇನ್ಸುಲಿನ್ ಎಂಬ ಹಾರ್ಮೋನು ಬಂದು ಬಾಗಿಲು ತಟ್ಟಬೇಕು. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಟೈಪ್ 2 ಶುಗರ್ ಇದ್ದವರಲ್ಲಿ ಎಷ್ಟು ತಟ್ಟಿದರೂ ಬಾಗಿಲು ಅರ್ಧವೇ ತೆರೆಯುತ್ತದೆ. ಮಾಂಸಖಂಡ ದುಡಿಯುತ್ತಿರುವಾಗ ಮಾತ್ರ ಅದು ಇನ್ಸುಲಿನ್‌ಗೆ ಕಾಯುವುದಿಲ್ಲ, ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ. ಅದಕ್ಕೇ ಮುದ್ದೆ, ಅನ್ನ ಉಂಡ ಮೇಲೆ ಮಲಗುವ ಬದಲು ಹತ್ತು ಹದಿನೈದು ನಿಮಿಷ ನಡೆಯಿರಿ ಅನ್ನುವುದು. ಈ ಲಾಭ ಒಂದು ದಿನದ ಮೇಲೂ ಸ್ವಲ್ಪ ಉಳಿಯುತ್ತದೆ, ಆಮೇಲೆ ಕರಗುತ್ತದೆ. ಭಾನುವಾರ ಒಂದೇ ದಿನ ಎರಡು ಗಂಟೆ ನಡೆಯುವುದಕ್ಕಿಂತ ದಿನಾ ಸ್ವಲ್ಪ ಸ್ವಲ್ಪ ನಡೆಯುವುದು ಶುಗರ್‌ಗೆ ಒಳ್ಳೆಯದು. ಸತತ ಎರಡು ದಿನ ತಪ್ಪಿಸಲೇಬೇಡಿ.

ಇನ್ನೂ ಶುಗರ್ ಬಂದಿಲ್ಲ, ಗಡಿಯಲ್ಲಿದೆ ಅನ್ನುವವರಿಗೆ ಇದು ಇನ್ನೂ ಜಾಸ್ತಿ ಮುಖ್ಯ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಇಂಥವರು ವಾರಕ್ಕೆ 150 ನಿಮಿಷ ನಡೆದು ಸ್ವಲ್ಪ ತೂಕ ಇಳಿಸಿದಾಗ ಶುಗರ್ ಬರುವ ಸಾಧ್ಯತೆ ಶೇ. 58ರಷ್ಟು ತಗ್ಗಿತು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇ. 31. 2006ರಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನದಲ್ಲಿ ನಡಿಗೆ, ಊಟದ ಬದಲಾವಣೆಯಿಂದ ಸಿಕ್ಕಿದ್ದು ಸುಮಾರು ಶೇ. 28. ಅಷ್ಟು ದೊಡ್ಡ ಅಂಕಿ ಅಲ್ಲ, ನಿಜ. ಆದರೂ ನಮ್ಮ ಮೈಕಟ್ಟಿನವರಲ್ಲೂ ಕೆಲಸ ಮಾಡುತ್ತದೆ ಅನ್ನುವುದು ನನಗೆ ದೊಡ್ಡ ಧೈರ್ಯ.

ಎಷ್ಟು ಜೋರಾಗಿ ನಡೆಯಬೇಕು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಸಾಕು.

ನಮ್ಮವರು ಪೂರ್ತಿ ಮರೆಯುವುದು ಶಕ್ತಿಯ ವ್ಯಾಯಾಮವನ್ನು. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಸಕ್ಕರೆ ಹೋಗಿ ಸೇರುವ ಜಾಗವೇ ಕಡಿಮೆಯಾಗುತ್ತದೆ. ವಾರಕ್ಕೆ ಎರಡು ದಿನವಾದರೂ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಅಭ್ಯಾಸ ಮಾಡಿ. ಆಗುವವರು ಬಸ್ಕಿ ಹೊಡೆಯಿರಿ. ಜಿಮ್ ಬೇಕಿಲ್ಲ.

ನಡೆಯುವಾಗ ಎದೆ ಹಿಡಿದುಕೊಂಡರೆ, ಉಬ್ಬಸ ಬಂದರೆ ನಿಲ್ಲಿಸಿ, ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ನಡೆಯುವಾಗ ಶುಗರ್ ತೀರಾ ಇಳಿಯಬಹುದು, ಜೇಬಿನಲ್ಲಿ ಸಕ್ಕರೆ ಇಟ್ಟುಕೊಳ್ಳಿ. ಬೆವರು, ನಡುಕ ಬಂದರೆ ಕೂಡಲೇ ತಿನ್ನಿ. ಪಾದ ಜೋಮು ಹಿಡಿದಿರುವವರು ಯಾರು ಏನೇ ಹೇಳಲಿ, ಬರಿಗಾಲಲ್ಲಿ ನಡೆಯಬೇಡಿ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಮನೆಗೆ ಬಂದು ಅಂಗಾಲು ನೋಡಿಕೊಳ್ಳಿ, ಬಗ್ಗಲು ಆಗದಿದ್ದರೆ ಮನೆಯವರಿಗೆ ತೋರಿಸಿ.